28ನೇ ಜೆರ್ಸಿ ಮತ್ತು ಮರಳಿ ಬರಲು ಇಲ್ಲದ ಬಾಗಿಲು

2024ರ ಅಕ್ಟೋಬರ್ 15ರಂದು ಮಹಿಳಾ ಹಾಕಿ ಇಂಡಿಯಾ ಲೀಗ್‌ನ ಮೊತ್ತಮೊದಲ ಹರಾಜು ನಡೆಯಿತು. ಡಿಫೆಂಡರ್ ಉದಿತಾ ದುಹಾನ್ ಅವರನ್ನು ಬಂಗಾಳದ ತಂಡ 32 ಲಕ್ಷ ರೂಪಾಯಿಗೆ ಕೊಂಡಿತು. ಒಂಬತ್ತು ದಿನ ಕಳೆದು, ಅಕ್ಟೋಬರ್ 24ರಂದು, ದೆಹಲಿಯಲ್ಲಿ ಭಾರತ ತಂಡದ ಮಾಜಿ ನಾಯಕಿ ರಾಣಿ ರಾಂಪಾಲ್ ಆಟಕ್ಕೆ ವಿದಾಯ ಹೇಳಿದರು. ಅವರಿಗೆ ಮೂವತ್ತು ತುಂಬಲು ಇನ್ನೂ ಆರು ವಾರ ಬಾಕಿ ಇತ್ತು. ಅವರು ತೊಡುತ್ತಿದ್ದ 28ನೇ ಸಂಖ್ಯೆಯ ಜೆರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಹಾಕಿ ಇಂಡಿಯಾ ಪ್ರಕಟಿಸಿತು. 2025ರ ಜನವರಿ 12ರಂದು ರಾಂಚಿಯಲ್ಲಿ ಲೀಗ್ ಶುರುವಾಯಿತು. ರಾಣಿ ಅಲ್ಲಿದ್ದರು, ಆದರೆ ಲೀಗ್‌ನ ತಂಡಗಳಲ್ಲೊಂದಾದ ಸೂರ್ಮಾ ಕ್ಲಬ್‌ನ ಮಾರ್ಗದರ್ಶಕಿಯಾಗಿ.

ಈ ಹರಾಜು, ಈ ಲೀಗ್ ಇನ್ನೆರಡು ವರ್ಷ ಮೊದಲೇ ಬಂದಿದ್ದರೆ ರಾಣಿಯ ಆಟದ ಬದುಕು ಹೀಗೆಯೇ ಮುಗಿಯುತ್ತಿತ್ತೇ? ಒಬ್ಬರ ವಿಷಯದಲ್ಲಿ ಖಚಿತವಾಗಿ ಹೇಳಲಾಗದು. ಆದರೆ ಭಾರತದ ಅಂತರರಾಷ್ಟ್ರೀಯ ಹಾಕಿ ಆಟಗಾರ್ತಿಯ ಬದುಕಿನ ರಚನೆ ಹೇಗಿದೆ, ಅದು ಎಲ್ಲಿ ಮುರಿಯುತ್ತದೆ ಎಂಬುದನ್ನು ರಾಣಿಯ ಹದಿನಾರು ವರ್ಷಗಳಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಒಳಗೆ ಬರಲು ನಮ್ಮಲ್ಲಿ ನಾಲ್ಕಾರು ದಾರಿಗಳಿವೆ. ಗಾಯವಾಗಿ ಹೊರಬಿದ್ದವಳಿಗೆ ಮರಳಲು ಇದ್ದದ್ದು ಒಂದೇ ಬಾಗಿಲು, ರಾಷ್ಟ್ರೀಯ ಕ್ಯಾಂಪ್, ಅಂದರೆ ದೇಶದ ತಂಡದ ತರಬೇತಿ ಶಿಬಿರ. ಅದು ಮುಚ್ಚಿದರೆ ಅವಳು ತನ್ನ ಆಟವನ್ನು ತೋರಿಸುವುದಾದರೂ ಎಲ್ಲಿ?

ಅರ್ಧ ಲೀಟರ್ ಹಾಲು

ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಶಾಹಾಬಾದ್ ಮಾರ್ಕಂಡ ಸಣ್ಣ ಊರು. ರಿತು ರಾಣಿ, ನವ್‌ಜೋತ್ ಕೌರ್, ನವ್‌ನೀತ್ ಕೌರ್, ರಾಣಿ ರಾಂಪಾಲ್ ಎಲ್ಲರೂ ಅಲ್ಲಿಂದಲೇ ಬಂದವರು. ಇದು ಕಾಕತಾಳೀಯವಲ್ಲ. ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಕೋಚ್ ಬಲದೇವ್ ಸಿಂಗ್ ಅಲ್ಲಿ ಹುಡುಗಿಯರಿಗಾಗಿ ವರ್ಷಗಟ್ಟಲೆ ಬೆಳಗು ಸಂಜೆ ತಪ್ಪದೆ ಅಭ್ಯಾಸ ನಡೆಸಿದರು. ಆರೇಳು ವರ್ಷದ ಮಗುವೊಂದು ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ, ಹತ್ತು ವರ್ಷ ದೊಡ್ಡವಳಾದ, ಭಾರತದ ಜೆರ್ಸಿ ತೊಟ್ಟ ಅಕ್ಕ ಅದೇ ಮೈದಾನದಲ್ಲಿ ಕಾಣುತ್ತಿದ್ದಳು.

ರಾಣಿಯ ತಂದೆ ಗಾಡಿ ಎಳೆದು ಸಂಸಾರ ನಡೆಸುತ್ತಿದ್ದವರು. ಅಭ್ಯಾಸಕ್ಕೆ ಬರುವ ಪ್ರತಿ ಹುಡುಗಿಯೂ ಅರ್ಧ ಲೀಟರ್ ಹಾಲು ತರಬೇಕಿತ್ತು, ಮನೆಯಲ್ಲಿ ಸಿಗುತ್ತಿದ್ದದ್ದು 200 ಮಿಲಿಲೀಟರ್ ಮಾತ್ರ, ಉಳಿದದ್ದಕ್ಕೆ ನೀರು ಬೆರೆಸುತ್ತಿದ್ದೆ ಎಂದು ರಾಣಿ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಇದನ್ನು ಕಣ್ಣೀರಿನ ಕಥೆಯಾಗಿ ಹೇಳುವವರೇ ಹೆಚ್ಚು. ಲೆಕ್ಕವಾಗಿ ನೋಡಿದರೆ ಬೇರೆ ವಿಷಯ ಕಾಣುತ್ತದೆ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನು, 600 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ ಎರಡು ಹೊತ್ತು ಓಡುವ ಹನ್ನೆರಡರ ಹುಡುಗಿಗೆ, ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ, ಅದರ ಅರ್ಧಕ್ಕಿಂತ ಕಡಿಮೆ ಸಿಕ್ಕರೆ ಕೊರತೆ ಆ ವರ್ಷ ಕಾಣಿಸುವುದಿಲ್ಲ. ಮುಟ್ಟು ಶುರುವಾದ ಮೇಲೆ ಕಬ್ಬಿಣಾಂಶದ ಕೊರತೆಯೂ ಸೇರಿಕೊಳ್ಳುತ್ತದೆ. ಉಸಿರು ಬೇಗ ಕಟ್ಟುವುದು, ಎರಡು ಓಟಗಳ ನಡುವೆ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದು, ಇವನ್ನೆಲ್ಲ ಕೋಚ್ ‘ಸೋಮಾರಿತನ’ ಎಂದು ಓದಿಕೊಳ್ಳುವ ಅಪಾಯವಿದೆ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಹಾಗಾಗಿ ಫೆರಿಟಿನ್ ಪರೀಕ್ಷೆ ಬೇಕು. ತಿಂದದ್ದಕ್ಕಿಂತ ಹೆಚ್ಚು ಖರ್ಚಾದರೆ ಮುಟ್ಟು ನಿಲ್ಲುತ್ತದೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಮುಟ್ಟು ನಿಂತದ್ದನ್ನು ‘ಒಳ್ಳೆಯದೇ ಆಯಿತು’ ಎಂದುಕೊಳ್ಳುವ ಹಾಸ್ಟೆಲುಗಳಲ್ಲಿ ಆಟಗಾರ್ತಿಯ ಬದುಕಿನ ಕೊನೆಯ ಐದು ವರ್ಷ ಆಗಲೇ ಕಳೆದುಹೋಗಿರುತ್ತದೆ.

ಸಲಕರಣೆಯ ಮಾತು ಚುಟುಕಾಗಿ ಹೇಳಿಬಿಡಬಹುದು. ಒಳ್ಳೆಯ ಕಾರ್ಬನ್ ಸ್ಟಿಕ್ ಹದಿನೈದು ಸಾವಿರ ದಾಟುತ್ತದೆ, ಮುರಿಯುತ್ತದೆ, ಮತ್ತೆ ಕೊಳ್ಳಬೇಕು. ಗೋಲ್‌ಕೀಪರ್ ಆಗುವವಳ ಕಿಟ್ ಇನ್ನೂ ಹಲವು ಪಟ್ಟು ದುಬಾರಿ. ಇವೆರಡಕ್ಕೂ ದಾನಿಗಳು ಸಿಗುತ್ತಾರೆ. ದಿನದಿನದ ಊಟಕ್ಕೆ ದಾನಿಗಳು ಸಿಗುವುದು ಕಷ್ಟ.

ಹದಿನಾಲ್ಕರಲ್ಲಿ ಶುರುವಾದ ಓಟ

ರಾಣಿ ಹುಟ್ಟಿದ್ದು 1994ರ ಡಿಸೆಂಬರ್ 4ರಂದು. 2008ರಲ್ಲಿ ರಷ್ಯಾದ ಕಜಾನ್‌ನಲ್ಲಿ ಒಲಿಂಪಿಕ್ ಅರ್ಹತಾ ಟೂರ್ನಿ ಆಡಿದಾಗ ಅವರಿಗೆ ಹದಿನಾಲ್ಕನೇ ವರ್ಷ ನಡೆಯುತ್ತಿತ್ತು. 2010ರಲ್ಲಿ ಅರ್ಜೆಂಟೀನಾದ ರೊಸಾರಿಯೊ ವಿಶ್ವಕಪ್‌ನಲ್ಲಿ ಏಳು ಗೋಲು. ಆಗ ವಯಸ್ಸು ಹದಿನೈದು. ಭಾರತ ಒಂಬತ್ತನೇ ಸ್ಥಾನಕ್ಕೆ ಬಂತು, ರಾಣಿಗೆ ಶ್ರೇಷ್ಠ ಯುವ ಆಟಗಾರ್ತಿ ಗೌರವ ಸಿಕ್ಕಿತು. 2013ರ ಜೂನಿಯರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು ಶೂಟ್‌ಔಟ್‌ನಲ್ಲಿ ಮಣಿಸಿ ಭಾರತ ಕಂಚು ಗೆದ್ದಾಗ ಟೂರ್ನಿಯ ಶ್ರೇಷ್ಠ ಆಟಗಾರ್ತಿಯೂ ಅವರೇ.

ಇಷ್ಟು ಬೇಗ ಹಿರಿಯರ ತಂಡಕ್ಕೆ ಬರುವುದನ್ನು ನಾವು ಹೊಗಳುವುದಷ್ಟೇ ಅಭ್ಯಾಸ. ಯುರೋಪಿನಲ್ಲಿ ಹೆಚ್ಚಿನವರು ಕ್ಲಬ್‌ನ ಕಿರಿಯರ ತಂಡಗಳಲ್ಲಿ ಮಾಗಿ, ಹತ್ತೊಂಬತ್ತು ಇಪ್ಪತ್ತರಲ್ಲಿ ದೇಶದ ತಂಡಕ್ಕೆ ಕಾಲಿಡುತ್ತಾರೆ. ರಾಣಿ ಇಪ್ಪತ್ತೇಳಕ್ಕೆ ಬರುವಷ್ಟರಲ್ಲಿ 14 ವರ್ಷದ ಅಂತರರಾಷ್ಟ್ರೀಯ ಸವಕಳಿ ಅವರ ಕಾಲುಗಳಲ್ಲಿತ್ತು. ಜನ್ಮದಿನಾಂಕ ಒಂದು ಹೇಳಿದರೆ ಸ್ನಾಯು ಇನ್ನೊಂದು ಹೇಳುತ್ತದೆ.

ಅದೂ ಅಲ್ಲದೆ ಅವರ ಕಾಲದಲ್ಲಿ ಆಟವೇ ಬದಲಾಯಿತು. ಅವರು ಶುರುಮಾಡಿದಾಗ ಪಂದ್ಯ ಎಂದರೆ 35 ನಿಮಿಷದ ಎರಡು ಅರ್ಧ. 2009ರಲ್ಲಿ ಫ್ರೀ ಹಿಟ್ ಸಿಕ್ಕವಳು ಚೆಂಡನ್ನು ತಾನೇ ತೆಗೆದುಕೊಂಡು ಓಡಬಹುದು ಎಂಬ ನಿಯಮ ಬಂತು, ಆಟ ನಿಲ್ಲುವ ಹೊತ್ತು ಕಡಿಮೆಯಾಯಿತು. 2014ರ ಸೆಪ್ಟೆಂಬರ್‌ನಿಂದ 15 ನಿಮಿಷದ ನಾಲ್ಕು ಕ್ವಾರ್ಟರ್. ಒಟ್ಟು ಹತ್ತು ನಿಮಿಷ ಉಳಿಯಿತಲ್ಲ, ಸುಲಭವಾಯಿತು ಎನಿಸಬಹುದು. ಆದದ್ದು ಉಲ್ಟಾ. ಬದಲಿ ಆಟಗಾರ್ತಿಯರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದಾದ್ದರಿಂದ ಫಾರ್ವರ್ಡ್‌ಗಳನ್ನು ಐದಾರು ನಿಮಿಷಕ್ಕೊಮ್ಮೆ ಬದಲಿಸುತ್ತಾರೆ, ಆ ಐದಾರು ನಿಮಿಷ ಪೂರ್ತಿ ವೇಗದಲ್ಲಿ ಓಡಬೇಕು ಎಂದು ಅಪೇಕ್ಷಿಸುತ್ತಾರೆ. ಎದುರಾಳಿ ಡಿಫೆಂಡರ್ ಚೆಂಡು ಹಿಡಿದ ಕೂಡಲೇ ಮೇಲೆರಗುವುದು, ತಪ್ಪಿಸಿಕೊಂಡರೆ ತಿರುಗಿ ಹಿಂದಕ್ಕೆ ಓಡುವುದು, ಕೂಡಲೇ ಮತ್ತೆ ಮುಂದಕ್ಕೆ. ಇಲ್ಲಿ ದೇಹವನ್ನು ಹಿಂಡುವುದು ಓಡಿದ ಒಟ್ಟು ದೂರಕ್ಕಿಂತ ಆ ಸ್ಪ್ರಿಂಟುಗಳು, ಅದಕ್ಕೂ ಹೆಚ್ಚಾಗಿ ಸ್ಪ್ರಿಂಟಿನ ಕೊನೆಯಲ್ಲಿ ಹಾಕುವ ಬ್ರೇಕು. ಆಟಗಾರ್ತಿಯರ ಬೆನ್ನಿಗೆ ಕಟ್ಟುವ ಜಿಪಿಎಸ್ ಪಟ್ಟಿ ಅಳೆಯುವುದೂ ಇದನ್ನೇ.

ಭಾರತದ ಮಹಿಳೆಯರು ಈ ಹೊಸ ಆಟಕ್ಕೆ ಒಗ್ಗಿಕೊಂಡ ಬಗೆ ಎರಡು ಒಲಿಂಪಿಕ್ಸ್‌ಗಳಲ್ಲಿ ಕಾಣುತ್ತದೆ. 1980ರ ಮಾಸ್ಕೋ ನಂತರ 36 ವರ್ಷಕ್ಕೆ ರಿಯೊದಲ್ಲಿ ಆಡಿದಾಗ ಜಪಾನ್ ಜತೆ 2-2 ಡ್ರಾ, ಉಳಿದ ನಾಲ್ಕೂ ಸೋಲು, ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಐದು ವರ್ಷದ ಮೇಲೆ ಟೋಕಿಯೊದಲ್ಲಿ ಗುರ್ಜಿತ್ ಕೌರ್ 22ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ಆಸ್ಟ್ರೇಲಿಯಾವನ್ನು 1-0ರಿಂದ ಮಣಿಸಿ ಸೆಮಿಫೈನಲ್, ಕೊನೆಗೆ ಬ್ರಿಟನ್‌ಗೆ 3-4ರಿಂದ ಸೋತು ನಾಲ್ಕನೇ ಸ್ಥಾನ. ನಡುವೆ ಕೋಚ್ ಶೋರ್ಡ್ ಮರೈನ್, ಫಿಟ್‌ನೆಸ್ ನೋಡಿಕೊಂಡ ವೇಯ್ನ್ ಲೊಂಬಾರ್ಡ್ ಇದ್ದರು. ಬೆಂಗಳೂರಿನ ಜ್ಞಾನಭಾರತಿ ಪಕ್ಕದ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದ ಕ್ಯಾಂಪ್ ಇತ್ತು. 2020ರ ಲಾಕ್‌ಡೌನಿನಲ್ಲಿ ಇಡೀ ತಂಡ ಅಲ್ಲೇ ಉಳಿಯಿತು. ಮರು ವರ್ಷ ಏಪ್ರಿಲ್‌ನಲ್ಲಿ ಊರಿಂದ ಕ್ಯಾಂಪಿಗೆ ಮರಳಿದ ರಾಣಿ ಸೇರಿ ಏಳು ಮಂದಿಗೆ ಕೋವಿಡ್ ಬಂದದ್ದೂ ಅಲ್ಲೇ. ಒಲಿಂಪಿಕ್ಸ್‌ಗೆ ಆಗ ಮೂರೇ ತಿಂಗಳು.

ಅದಕ್ಕೂ ಮುನ್ನ, 2019ರ ನವೆಂಬರ್ 2ರ ಭುವನೇಶ್ವರದ ರಾತ್ರಿಯನ್ನು ಹೇಳದೆ ರಾಣಿಯ ಬಗ್ಗೆ ಬರೆಯಲಾಗದು. ಅಮೆರಿಕ ವಿರುದ್ಧ ಎರಡು ಪಂದ್ಯ, ಒಟ್ಟು ಗೋಲುಗಳ ಮೇಲೆ ಒಲಿಂಪಿಕ್ ಟಿಕೆಟ್. ಮೊದಲ ದಿನ ಭಾರತಕ್ಕೆ 5-1. ಎರಡನೇ ದಿನ ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ ಅಮೆರಿಕ 4-0. ಒಟ್ಟು ಲೆಕ್ಕ 5-5. 48ನೇ ನಿಮಿಷದಲ್ಲಿ ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ ಡಿ ಒಳಗೆ ಚೆಂಡು ಸಿಕ್ಕಿದ್ದು ರಾಣಿಗೆ, ಒಂದೇ ಹೊಡೆತ, 6-5. ದಣಿದ ಕಾಲು, ಒತ್ತಡದ ಗಳಿಗೆ, ಆದರೂ ಚೆಂಡು ತಡೆದು ಹೊಡೆಯಲು ಎರಡನೇ ಯೋಚನೆ ಬೇಕಾಗಲಿಲ್ಲ. ‘ಅನುಭವ’ ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಹೀಗೆ ಕಾಣುತ್ತದೆ.

ತೊಡೆಯ ಹಿಂದಿನ ಸ್ನಾಯು

ಟೋಕಿಯೊ ಮುಗಿದ ಮೇಲೆ ರಾಣಿಯನ್ನು ಹ್ಯಾಮ್‌ಸ್ಟ್ರಿಂಗ್ ಗಾಯ ಕೂರಿಸಿತು. ಹಾಕಿ ಆಟಗಾರ್ತಿಗೆ ಈ ಗಾಯ ಯಾಕೆ ಇಷ್ಟು ಕಾಡುತ್ತದೆ ಎಂದು ತಿಳಿಯಬೇಕಾದರೆ ಅವರು ನಿಲ್ಲುವ ಭಂಗಿ ನೋಡಬೇಕು. ಸ್ಟಿಕ್ ಮೂರಡಿಗಿಂತ ಸ್ವಲ್ಪವೇ ಉದ್ದ, ಚೆಂಡು ನೆಲದ ಮೇಲೆ. ಸೊಂಟ ಬಾಗಿಸಿ ಓಡಿದಷ್ಟೂ ತೊಡೆಯ ಹಿಂದಿನ ಸ್ನಾಯು ಮೇಲಿನ ತುದಿಯಲ್ಲಿ ಆಗಲೇ ಎಳೆದುಕೊಂಡಿರುತ್ತದೆ. ವೇಗವಾಗಿ ಓಡುವಾಗ ಕಾಲು ಮುಂದಕ್ಕೆ ಚಾಚಿ ನೆಲ ಮುಟ್ಟುವ ಮುನ್ನದ ಕ್ಷಣದಲ್ಲಿ ಅದೇ ಸ್ನಾಯು ಕಾಲನ್ನು ತಡೆಯಬೇಕು. ಎಳೆದ ಹಗ್ಗವನ್ನು ಇನ್ನೊಮ್ಮೆ ಜಗ್ಗಿದಂತೆ. ಅದರ ಮೇಲೆ ಟ್ಯಾಕಲ್ ಮಾಡಲು ಒಂದು ಕಾಲು ಮುಂದೆ ಹಾಕಿ ನೆಲದ ಮಟ್ಟಕ್ಕೆ ಕುಸಿಯುವ ಚಲನೆ ಬೇರೆ.

ಸಣ್ಣ ಎಳೆತ ಒಂದರಿಂದ ಮೂರು ವಾರದಲ್ಲಿ ಸರಿಹೋಗುತ್ತದೆ. ನಾರುಗಳು ಭಾಗಶಃ ಹರಿದರೆ ನಾಲ್ಕರಿಂದ ಎಂಟು ವಾರ. ಸ್ನಾಯುರಜ್ಜು ಮೂಳೆಯ ಬಳಿ ಹರಿದರೆ ಹಲವು ತಿಂಗಳು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಮಾಮೂಲಾಗಿ ಎಡವಟ್ಟಾಗುವುದು ಇಲ್ಲಿ: ನೋವು ಬೇಗ ಹೋಗುತ್ತದೆ, ಬಲ ತಡವಾಗಿ ಬರುತ್ತದೆ. ನೋವಿಲ್ಲ ಎಂದು ಮೈದಾನಕ್ಕಿಳಿದವಳಿಗೆ ಮೊದಲ ಕೆಲವು ವಾರಗಳಲ್ಲೇ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು.

ಸರಿಯಾದ ಕ್ರಮ ಗೊತ್ತಿಲ್ಲದ್ದೇನಲ್ಲ. ಮೊದಲು ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಸುಲಭ ವ್ಯಾಯಾಮ, ಆಮೇಲೆ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವಂಥವು. ಮೊಣಕಾಲೂರಿ, ಹಿಮ್ಮಡಿ ಹಿಡಿಸಿಕೊಂಡು ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮ ಇದರಲ್ಲಿ ಮುಖ್ಯ. ಗಾಯವಾದ ಕಾಲಿನ ಬಲ ಇನ್ನೊಂದರ ಶೇ 90ಕ್ಕೆ ಬರಬೇಕು. ನೇರ ಓಟ ಶೇ 60ರ ವೇಗದಲ್ಲಿ ಶುರುವಾಗಿ, ದಿನ ಬಿಟ್ಟು ದಿನ ಏರಿ, ಶೇ 90 ದಾಟಬೇಕು. ಸ್ಟಿಕ್ ಹಿಡಿದು ಬಾಗಿ ಓಡುವುದು ಇದರ ನಂತರ. ಇಲ್ಲಿಯವರೆಗಿನ ಕೆಲಸ ಯಾವ ಒಳ್ಳೆಯ ಕೇಂದ್ರದಲ್ಲಾದರೂ ಆಗುತ್ತದೆ, ಬೆಂಗಳೂರಿನಲ್ಲಂತೂ ಖಂಡಿತ.

ಕೊನೆಯ ಹಂತದಲ್ಲಿ ಮಾತ್ರ ನಮ್ಮ ವ್ಯವಸ್ಥೆ ಕೈಕೊಡುತ್ತದೆ. ಮರಳುವವಳಿಗೆ ಪಂದ್ಯ ಬೇಕು, ಅದೂ ಅಳೆದು ತೂಗಿ: ಒಂದು ವಾರ 15-20 ನಿಮಿಷ, ಮುಂದಿನ ವಾರ ಅರ್ಧ ಗಂಟೆ, ಆಮೇಲೆ ಮುಕ್ಕಾಲು ಗಂಟೆ. ಅಭ್ಯಾಸದಲ್ಲಿ ಯಾರೂ ಪಂದ್ಯದಷ್ಟು ಹಠಾತ್ತಾಗಿ ತಿರುಗುವುದಿಲ್ಲ, ಬ್ರೇಕ್ ಹಾಕುವುದಿಲ್ಲ. ಡಚ್ ಆಟಗಾರ್ತಿ ಇದನ್ನು ತನ್ನ ಕ್ಲಬ್ಬಿನಲ್ಲಿ ಮಾಡುತ್ತಾಳೆ. ಅಲ್ಲಿನ ಹೂಫ್ಡ್‌ಕ್ಲಾಸೆ ಲೀಗ್‌ನಲ್ಲಿ 12 ತಂಡ, ಪ್ರತಿ ತಂಡಕ್ಕೆ 22 ಪಂದ್ಯ. ಒಂದು ಭಾನುವಾರ ತಪ್ಪಿದರೆ ಇನ್ನೊಂದು ಭಾನುವಾರ ಬರುತ್ತದೆ, ದೇಶದ ಕೋಚ್ ಗ್ಯಾಲರಿಯಲ್ಲಿ ಕುಳಿತು ನೋಡುತ್ತಾರೆ. ನಮ್ಮವಳಿಗೆ ಅಂಥ ಪಂದ್ಯ ಎಂದರೆ ಭಾರತದ ಪಂದ್ಯವೇ. ಅಂತರರಾಷ್ಟ್ರೀಯ ಪಂದ್ಯಕ್ಕೆ ಸಿದ್ಧಳಿದ್ದೇನೆ ಎಂದು ತೋರಿಸಲು ಅಂತರರಾಷ್ಟ್ರೀಯ ಪಂದ್ಯವೇ ಸಿಗಬೇಕು.

ಆಟಕ್ಕುಂಟು, ಲೆಕ್ಕಕ್ಕಿಲ್ಲ

2022ರ ಜೂನ್‌ನಲ್ಲಿ, ವಿಶ್ವದ ಅಗ್ರ ತಂಡಗಳು ಆಡುವ ಪ್ರೊ ಲೀಗ್‌ನ ಯುರೋಪ್ ಪ್ರವಾಸದಲ್ಲಿ ರಾಣಿ ಮರಳಿದರು, ಬೆಲ್ಜಿಯಂ ವಿರುದ್ಧ ತಮ್ಮ 250ನೇ ಪಂದ್ಯ ಆಡಿದರು. ಮುಂದಿನ ತಿಂಗಳ ವಿಶ್ವಕಪ್‌ಗೂ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಅವರ ಹೆಸರಿರಲಿಲ್ಲ. ಗೋಲ್‌ಕೀಪರ್ ಸವಿತಾ ನಾಯಕಿಯಾದರು. ಅದೇ ವರ್ಷ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರಾಣಿ ಹರಿಯಾಣ ಪರ ಆಡಿದರು, ಗೋಲುಗಳನ್ನೂ ಹೊಡೆದರು. 2023ರ ಜನವರಿಯ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಕರೆ ಬಂತು. ಅದಾದ ಮೇಲೆ ಬರಲಿಲ್ಲ. ವರ್ಷ ಕಳೆಯುವ ಮೊದಲೇ ಸಬ್ ಜೂನಿಯರ್ ಬಾಲಕಿಯರ ತಂಡದ ಕೋಚ್ ಹೊಣೆ ಕೊಟ್ಟರು. ಇನ್ನೂ ಆಡುತ್ತೇನೆ ಎನ್ನುತ್ತಿದ್ದವರ ಕೈಗೆ ಸೀಟಿ ಕೊಟ್ಟಂತೆ.

ಭಾರತ ತಂಡದ ಆಗಿನ ಕೋಚ್ ಯಾನ್ನೆಕೆ ಸ್ಕೋಪ್‌ಮನ್ ಕಡೆಯಿಂದ ನೋಡಿದರೂ ಒಂದು ವಾದವಿದೆ, ಅದನ್ನು ತಳ್ಳಿಹಾಕಲಾಗದು. ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕೆಲವು ಪಂದ್ಯಗಳು ಎರಡಂಕಿ ಗೋಲುಗಳಲ್ಲಿ ಮುಗಿಯುತ್ತವೆ. ಅಂಥ ಕಡೆ ಹೊಡೆದ ಗೋಲಿನಿಂದ ಜರ್ಮನಿಯ ಡಿಫೆನ್ಸ್ ಮುಂದೆ ಏನಾಗುತ್ತದೆಂದು ತಿಳಿಯುವುದಿಲ್ಲ. ದೇಶೀ ಪಂದ್ಯಗಳಲ್ಲಿ ಜಿಪಿಎಸ್ ಅಂಕಿ ಸಿಗುವುದಿಲ್ಲ. ಹಾಗಾಗಿ ಕೋಚ್ ಕ್ಯಾಂಪಿನ ಅಂಕಿ ನಂಬುತ್ತಾರೆ, ಕ್ಯಾಂಪಿನಿಂದ ಹೊರಗಿರುವವಳ ಅಂಕಿಯೇ ಇರುವುದಿಲ್ಲ. ಯಾರದೇ ದುರುದ್ದೇಶ ಬೇಕಿಲ್ಲ, ದೇಶೀ ಹಾಕಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಾದರೆ ಸಾಕು. ಶಾಹಾಬಾದಿನವರೇ ಆದ ರಿತು ರಾಣಿ ರಿಯೊಗೆ ತಂಡವನ್ನು ಅರ್ಹಗೊಳಿಸಿದ ನಾಯಕಿ. ಒಲಿಂಪಿಕ್ಸ್‌ಗೆ ಕೆಲವೇ ವಾರ ಇರುವಾಗ ಅವರನ್ನು ಕೈಬಿಟ್ಟಾಗಲೂ ಅವರಿಗೆ ತಮ್ಮ ಆಟದ ಮೂಲಕ ಉತ್ತರ ಕೊಡಲು ಬೇರೆ ಅಂಗಳವಿರಲಿಲ್ಲ.

ಇದರ ಬೆಲೆ ತಂಡವೂ ತೆತ್ತಿತು. 2024ರ ಜನವರಿಯಲ್ಲಿ ರಾಂಚಿಯಲ್ಲಿ ಪ್ಯಾರಿಸ್ ಅರ್ಹತಾ ಟೂರ್ನಿ. ಮೊದಲ ಪಂದ್ಯದಲ್ಲೇ ಅಮೆರಿಕಕ್ಕೆ 0-1. ಸೆಮಿಫೈನಲ್‌ನಲ್ಲಿ ಜರ್ಮನಿ ಜತೆ 2-2, ಶೂಟ್‌ಔಟ್‌ನಲ್ಲಿ 3-4. ಕೊನೆಯ ಅವಕಾಶದಲ್ಲಿ ಜಪಾನ್‌ಗೆ 0-1. ಮೂರು ಸೋಲಿನ ಪೈಕಿ ಎರಡರಲ್ಲಿ ಭಾರತ ಒಂದೂ ಗೋಲು ಹೊಡೆಯಲಿಲ್ಲ. ಫಾರ್ವರ್ಡ್ ವಂದನಾ ಕಟಾರಿಯಾ ಕೆನ್ನೆಯ ಮೂಳೆ ಮುರಿದು ಹೊರಗಿದ್ದರು, ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿಗೆ ಹೊಡೆಯುವ ಡ್ರ್ಯಾಗ್ ಫ್ಲಿಕ್ಕರ್ ಗುರ್ಜಿತ್ ಕೌರ್ ತಂಡದಲ್ಲಿರಲಿಲ್ಲ, ರಾಣಿ ಇರಲಿಲ್ಲ. ರಾಣಿ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದಲ್ಲ. ಡಿ ಒಳಗೆ ಅರ್ಧ ಸೆಕೆಂಡಿನಲ್ಲಿ ನಿರ್ಧರಿಸಬಲ್ಲ ಮೂವರೂ ಒಟ್ಟಿಗೆ ಇಲ್ಲದಾಗ ಅವರ ಜಾಗಕ್ಕೆ ಕರೆಯಲು ದೇಶೀ ಲೀಗ್‌ನಲ್ಲಿ ಪಳಗಿದ ನಾಲ್ಕನೆಯವಳು ಇರಲಿಲ್ಲ.

ಇಲ್ಲಿ ಕರ್ನಾಟಕದ ಮಾತೂ ಬರುತ್ತದೆ. 1960ರ ದಶಕದಲ್ಲಿ ಎಲ್ವೆರಾ, ರೀಟಾ, ಮೇ ಬ್ರಿಟ್ಟೊ ಸೋದರಿಯರು ಮೈಸೂರು ರಾಜ್ಯಕ್ಕೆ ಆಡಿ ಸಾಲುಸಾಲಾಗಿ ರಾಷ್ಟ್ರೀಯ ಪ್ರಶಸ್ತಿ ತಂದರು, ಎಲ್ವೆರಾ ಅವರಿಗೆ 1965ರ ಅರ್ಜುನ ಪ್ರಶಸ್ತಿ ಬಂತು. ರಾಷ್ಟ್ರೀಯ ಕ್ಯಾಂಪ್ ವರ್ಷದ ಬಹುಪಾಲು ಬೆಂಗಳೂರಲ್ಲೇ ನಡೆಯುತ್ತದೆ, ಟೋಕಿಯೊದಲ್ಲಿ ಸಹಾಯಕ ಕೋಚ್ ಆಗಿದ್ದವರು ಕೊಡಗಿನ ಅಂಕಿತಾ ಸುರೇಶ್. ಆದರೆ ರಿಯೊ, ಟೋಕಿಯೊ ಎರಡರಲ್ಲೂ ಆಡಿದವರಲ್ಲಿ ಕರ್ನಾಟಕದ ಒಬ್ಬ ಹುಡುಗಿಯೂ ಇಲ್ಲ. ಟೋಕಿಯೊ ತಂಡದಲ್ಲಿ ಹರಿಯಾಣದವರೇ ಒಂಬತ್ತು ಮಂದಿ. ಪೊನ್ನಂಪೇಟೆ, ಕೂಡಿಗೆಗಳಲ್ಲಿ ಟರ್ಫ್ ಇದೆ. ಶಾಹಾಬಾದಿನಲ್ಲಿ ಇದ್ದದ್ದು ಟರ್ಫಿಗಿಂತ ಹೆಚ್ಚಾಗಿ ಒಬ್ಬರೇ ಕೋಚ್, ವರ್ಷಾನುಗಟ್ಟಲೆ.

ದುಡ್ಡು ಮತ್ತು ಪಂದ್ಯ

ಹಣದ ವಿಷಯ ಮೊದಲಿಗಿಂತ ಸುಧಾರಿಸಿದೆ. ಖೇಲೋ ಇಂಡಿಯಾಗೆ ಆಯ್ಕೆಯಾದ ಹುಡುಗಿಗೆ ತಿಂಗಳಿಗೆ 10 ಸಾವಿರ ಕೈಖರ್ಚು. ಒಲಿಂಪಿಕ್ ಪದಕದ ಗುರಿಯಿಟ್ಟ ಕೇಂದ್ರದ ಟಾಪ್ಸ್ ಯೋಜನೆಯ ಮುಖ್ಯ ಗುಂಪಿಗೆ ತಿಂಗಳಿಗೆ 50 ಸಾವಿರ. ಟೋಕಿಯೊ ನಾಲ್ಕನೇ ಸ್ಥಾನಕ್ಕೆ ಹರಿಯಾಣ ಸರ್ಕಾರ ತನ್ನ ಒಂಬತ್ತೂ ಆಟಗಾರ್ತಿಯರಿಗೆ ತಲಾ 50 ಲಕ್ಷ ಘೋಷಿಸಿತು. ಹೆಚ್ಚಿನವರ ನಿಜವಾದ ಆಸರೆ ಮಾತ್ರ ರೈಲ್ವೆ ನೌಕರಿ. ಕ್ರಿಕೆಟಿನಂತೆ ವಾರ್ಷಿಕ ಗುತ್ತಿಗೆ ಇಲ್ಲದ ಕಡೆ ಗಾಯವಾದ ತಿಂಗಳೂ ಸಂಬಳ ಬರುವುದು ನೌಕರಿಯಿಂದಲೇ. 320 ಪಂದ್ಯ ಆಡಿ 2025ರ ಏಪ್ರಿಲ್‌ನಲ್ಲಿ ನಿವೃತ್ತರಾದ ವಂದನಾ ಕಟಾರಿಯಾ ಕೂಡ ರೈಲ್ವೆಯವರೇ. 2024ರಲ್ಲಿ ಹಾಕಿ ಇಂಡಿಯಾ ಲೀಗ್‌ನಲ್ಲಿ ಪುರುಷರ ತಂಡಕ್ಕೆ ಆಟಗಾರರನ್ನು ಕೊಳ್ಳಲು 4 ಕೋಟಿ, ಮಹಿಳೆಯರ ತಂಡಕ್ಕೆ 2 ಕೋಟಿ ಇತ್ತು. ಆ ಹರಾಜಿನಲ್ಲಿ ಪುರುಷರ ಪೈಕಿ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ ಸಿಕ್ಕಿತು. ಉದಿತಾಗೆ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ, ಆದರೂ ಮಹಿಳೆಯರಲ್ಲಿ ಅದೇ ಗರಿಷ್ಠ.

ಆದರೆ ಈ ಲೇಖನದ ಪ್ರಶ್ನೆ ದುಡ್ಡಿನದಲ್ಲ, ಪಂದ್ಯಗಳದು. 2024ರ ಬೇಸಿಗೆಯಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಮಹಿಳಾ ಲೀಗ್ ಹಂತಹಂತವಾಗಿ ಶುರುವಾಯಿತು, ಒಳ್ಳೆಯದೇ. ಮಹಿಳಾ ಹಾಕಿ ಇಂಡಿಯಾ ಲೀಗ್‌ನ ಮೊದಲ ವರ್ಷದಲ್ಲಿ ಆರು ಮಹಿಳಾ ತಂಡಗಳ ಯೋಚನೆ ನಾಲ್ಕಕ್ಕಿಳಿಯಿತು. ಪ್ರತಿ ತಂಡ ಆಡಿದ್ದು ಆರು ಪಂದ್ಯ, ಫೈನಲ್ ತಲುಪಿದವರಿಗೆ ಏಳು. ಒಡಿಶಾ ವಾರಿಯರ್ಸ್ ಜನವರಿ 26ರಂದು ಸೂರ್ಮಾವನ್ನು 2-1ರಿಂದ ಮಣಿಸಿ ಕಪ್ ಎತ್ತಿತು. ಎಲ್ಲ ಸೇರಿ ಹದಿನೈದು ದಿನ. ಆ ವರ್ಷದ ಪ್ರೊ ಲೀಗ್‌ನಲ್ಲಿ ಭಾರತ ಕೊನೆಯ ಸ್ಥಾನಕ್ಕಿಳಿದು ಕೆಳಹಂತದ ನೇಷನ್ಸ್ ಕಪ್‌ಗೆ ಬಿತ್ತು, ಅಂದರೆ ದೊಡ್ಡ ತಂಡಗಳ ವಿರುದ್ಧದ ಪಂದ್ಯಗಳೂ ಕಡಿಮೆಯಾದವು.

ಲೀಗ್‌ಗೆ ಹತ್ತು ದಿನ ಇರುವಾಗ ಒಬ್ಬ ಫಾರ್ವರ್ಡ್‌ಗೆ ಹ್ಯಾಮ್‌ಸ್ಟ್ರಿಂಗ್ ಭಾಗಶಃ ಹರಿಯಿತು ಎಂದುಕೊಳ್ಳಿ. ಎಲ್ಲ ಸರಿಯಾಗಿ ನಡೆದರೆ ಫೆಬ್ರುವರಿ ಕೊನೆಗೆ ಅವಳು ಶೇ 90ರ ವೇಗದಲ್ಲಿ ಓಡುತ್ತಾಳೆ. ಈಗ ಅವಳಿಗೆ ಬೇಕಾದದ್ದು ಇಪ್ಪತ್ತು ನಿಮಿಷದ ಒಂದು ಗಟ್ಟಿ ಪಂದ್ಯ, ಮುಂದಿನ ವಾರ ಇನ್ನೊಂದು. ಲೀಗ್‌ನ ಮುಂದಿನ ಪಂದ್ಯಕ್ಕೆ ಇನ್ನೂ ಹತ್ತು ತಿಂಗಳಿದೆ.